ಗನ್‌ಡಾಗ್ ಮರಿ ತರುವ ಮುನ್ನ: ಟ್ರಯಲ್ ಗೆದ್ದ ವಂಶವೋ, ಬೇಟೆಯಲ್ಲಿ ದುಡಿದ ವಂಶವೋ?

ಎರಡು ಕಡೆ ಲ್ಯಾಬ್ರಡಾರ್ ಮರಿಗಳಿವೆ ಅಂದುಕೊಳ್ಳಿ. ಒಂದು ಕಡೆ ಮರಿಗಳ ಅಪ್ಪ ಫೀಲ್ಡ್ ಟ್ರಯಲ್, ಅಂದರೆ ಬೇಟೆನಾಯಿಗಳ ಬಯಲು ಸ್ಪರ್ಧೆ, ಗೆದ್ದ ಫೀಲ್ಡ್ ಚಾಂಪಿಯನ್. ಇನ್ನೊಂದು ಕಡೆ ಅಪ್ಪನಿಗೆ ಯಾವ ಬಿರುದೂ ಇಲ್ಲ. ಆದರೆ ಎಂಟು ಚಳಿಗಾಲ ಯಜಮಾನನ ಜೊತೆ ಕೆರೆ, ಜೌಗು ಎಲ್ಲ ಸುತ್ತಿ, ಬಿದ್ದ ಬಾತುಗಳನ್ನೆಲ್ಲ ತಂದುಕೊಟ್ಟಿದೆ. ಮೊದಲನೆಯ ಮರಿಗೆ ಬೆಲೆ ಜಾಸ್ತಿ. ಎರಡನೆಯದಕ್ಕೆ ಯಜಮಾನನ ಮಾತೇ ಸಾಕ್ಷಿ. ಯಾವುದನ್ನು ತರುವುದು? ಅಮೆರಿಕ, ಬ್ರಿಟನ್ನಿನಲ್ಲಿ ನೆಲೆಸಿ ಹಕ್ಕಿಬೇಟೆಯ ಹವ್ಯಾಸ ಹಿಡಿದ ನಮ್ಮವರು ಕೇಳುವುದೂ ಇದನ್ನೇ. ಅಲ್ಲಿನವರು ನೂರು ವರ್ಷಕ್ಕೂ ಮೇಲ್ಪಟ್ಟು ಜಗಳವಾಡುತ್ತಿರುವುದೂ ಇದರ ಮೇಲೆಯೇ.

ಗನ್‌ಡಾಗ್ ಅಂದರೆ ಏನು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಮುಧೋಳ ನಾಯಿ ಕಣ್ಣಿಗೆ ಕಂಡದ್ದನ್ನು ಅಟ್ಟಿಸಿಕೊಂಡು ಹೋಗಿ ತಾನೇ ಹಿಡಿಯುವ ತಳಿ. ಗನ್‌ಡಾಗ್ ಹಾಗಲ್ಲ. ಅದು ಮೂಗನ್ನು ನಂಬಿ, ಕೋವಿ ಹಿಡಿದವನ ಜೊತೆಯಾಗಿ ಕೆಲಸ ಮಾಡುತ್ತದೆ. ಪಾಯಿಂಟರ್, ಸೆಟರ್‌ಗಳು ಹಕ್ಕಿಯ ವಾಸನೆ ಸಿಕ್ಕ ಕೂಡಲೇ ಅಲ್ಲಾಡದೆ ನಿಂತು ಜಾಗ ತೋರಿಸುತ್ತವೆ. ಸ್ಪ್ಯಾನಿಯಲ್‌ಗಳು ಹಳುವಿಗೆ ನುಗ್ಗಿ ಹಕ್ಕಿಯನ್ನು ಎಬ್ಬಿಸುತ್ತವೆ. ಲ್ಯಾಬ್ರಡಾರ್, ಗೋಲ್ಡನ್‌ನಂಥ ರಿಟ್ರೀವರ್‌ಗಳು ಈಡು ತಿಂದು ಬಿದ್ದ ಹಕ್ಕಿಯನ್ನು ಹುಡುಕಿ ತಂದು ಕೈಗೆ ಕೊಡುತ್ತವೆ. ಜರ್ಮನಿಯ ಕುರ್ಟ್ಸ್‌ಹಾರ್, ಡ್ರಾಟ್‌ಹಾರ್ ತಳಿಗಳಿಂದ ಈ ಎಲ್ಲ ಕೆಲಸವನ್ನೂ ನಿರೀಕ್ಷಿಸುತ್ತಾರೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿ, ಹಕ್ಕಿಗಳ ಬೇಟೆ ಅಪರಾಧ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಬೇಟೆಗೆ ಲೈಸೆನ್ಸು, ಹಂಗಾಮು ಇರುವ ದೇಶಗಳ ಮಾತು. ಬೆಂಗಳೂರಿನ ಮನೆಯಲ್ಲಿ ಲ್ಯಾಬ್ರಡಾರ್ ಸಾಕಬೇಕೆಂದಿರುವವರಿಗೂ ಇದರಲ್ಲಿ ಒಂದಿಷ್ಟು ಉಪಯೋಗವಿದೆ. ಅದನ್ನು ಮುಂದೆ ಹೇಳುತ್ತೇನೆ.

ಏನನ್ನು ಅಳೆಯಬೇಕು?

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು, ಸುಳಿ ಎಲ್ಲ ನೋಡಿದ ಮೇಲೂ ಗಾಡಿಗೆ ಕಟ್ಟಿ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಎಂಟು ವಾರದ ನಾಯಿಮರಿಯನ್ನು ಹಾಗೆ ಕೆಲಸಕ್ಕೆ ಹಚ್ಚಿ ನೋಡಲು ಆಗುವುದಿಲ್ಲ. ಆದ್ದರಿಂದ ಅಪ್ಪ, ಅಮ್ಮ, ಅಣ್ಣ, ಅಕ್ಕಂದಿರನ್ನು ನೋಡಿ ಅಂದಾಜು ಮಾಡಬೇಕು. ಆ ಅಂದಾಜಿಗೆ ಟ್ರಯಲ್ಲಿನ ಬಿರುದು ಎಷ್ಟು ನೆರವಾಗುತ್ತದೆ, ಬೇಟೆಯ ಅನುಭವ ಎಷ್ಟು ನೆರವಾಗುತ್ತದೆ ಅನ್ನುವುದೇ ಪ್ರಶ್ನೆ.

ನಾಯಿಯಲ್ಲಿ ನೋಡಬೇಕಾದ್ದು ಮೊದಲು ಮೂಗು. ಆಮೇಲೆ ದಣಿಯದೆ ಹುಡುಕುವ ಹುರುಪು, ಮನುಷ್ಯನ ಜೊತೆ ಹೊಂದಿಕೊಂಡು ಕೆಲಸ ಮಾಡುವ ಗುಣ, ಹಕ್ಕಿಯನ್ನು ಜಜ್ಜದ ಮೆತ್ತನೆ ಬಾಯಿ, ನೀರಿನ ಆಸೆ. ಕೆಲಸ ಮುಗಿದ ಮೇಲೆ ಮನೆಯಲ್ಲಿ ಸುಮ್ಮನೆ ಮಲಗುವ ಸ್ವಭಾವವನ್ನೂ ಇದಕ್ಕೆ ಸೇರಿಸುತ್ತೇನೆ. ವರ್ಷದಲ್ಲಿ ಬೇಟೆಯ ದಿನಗಳು ಕೆಲವೇ, ಉಳಿದದ್ದೆಲ್ಲ ಮನೆಯ ದಿನಗಳು ಅಲ್ವಾ? ಸೊಂಟ, ಮೊಣಕೈ, ಕಣ್ಣುಗಳ ಆರೋಗ್ಯವಂತೂ ಇರಲೇಬೇಕು.

ನಾಯಿಯನ್ನು ಅಳೆದರೆ ಸಾಲದು, ಸಾಕ್ಷಿಯನ್ನೂ ಅಳೆಯಬೇಕು. ಈ ಗುಣ ಹುಟ್ಟಿನಿಂದ ಬಂದದ್ದೋ, ತರಬೇತಿಯಿಂದ ಬಂದದ್ದೋ? ತರಬೇತಿ ರಕ್ತದಲ್ಲಿ ಇಳಿಯುವುದಿಲ್ಲ, ಹುಟ್ಟುಗುಣ ಇಳಿಯುತ್ತದೆ. ಮತ್ತೆ, ಆ ಮಾತನ್ನು ಎಷ್ಟು ನಾಯಿಗಳನ್ನು ನೋಡಿ ಹೇಳುತ್ತಿದ್ದಾರೆ? ಒಂದೇ ಸೂಲಿನ ಎಂಟು ಮರಿಗಳಲ್ಲಿ ಒಂದು ಚಾಂಪಿಯನ್ ಆಗಿ ಉಳಿದ ಏಳು ಏನಾದವು ಅಂತ ಯಾರಿಗೂ ಗೊತ್ತಿಲ್ಲದಿದ್ದರೆ, ಆ ವಂಶದ ಬಗ್ಗೆ ನಮಗೆ ತಿಳಿದಿರುವುದು ಬಹಳ ಕಮ್ಮಿ. ಎಂಟರಲ್ಲಿ ಏಳು ಒಳ್ಳೆಯ ಕೆಲಸಗಾರರಾಗಿ, ಯಾವುದೂ ಚಾಂಪಿಯನ್ ಆಗದಿದ್ದರೂ ನಾನು ಆ ಸೂಲಿನ ಕಡೆಯೇ ವಾಲುತ್ತೇನೆ. ಈ ಬರಹದ ಉದ್ದಕ್ಕೂ ನನ್ನ ಪಕ್ಷ ಇದೇ.

ಸ್ಪರ್ಧೆಯ ಟ್ರಯಲ್

ಬ್ರಿಟನ್ನಿನಲ್ಲಿ ಮೊದಲ ಫೀಲ್ಡ್ ಟ್ರಯಲ್ ನಡೆದದ್ದು 1865ರಲ್ಲಿ, ಬೆಡ್‌ಫರ್ಡ್‌ಶೈರಿನ ಸೌತ್‌ಹಿಲ್‌ನಲ್ಲಿ, ಪಾಯಿಂಟರ್ ಮತ್ತು ಸೆಟರ್‌ಗಳಿಗೆ. ನಾಯಿ ತಳಿಗಳ ದಾಖಲೆ ಇಡುವ ಅಲ್ಲಿನ ಕೆನಲ್ ಕ್ಲಬ್ ಹುಟ್ಟಿದ್ದೇ ಅದಾದ ಮೇಲೆ, 1873ರಲ್ಲಿ. ಅಮೆರಿಕದ ಮೊದಲ ಟ್ರಯಲ್ 1874ರಲ್ಲಿ ಟೆನೆಸ್ಸಿಯ ಮೆಂಫಿಸ್‌ನಲ್ಲಿ ನಡೆಯಿತು. ಎರಡೂ ಕಡೆ ಉದ್ದೇಶ ಒಂದೇ: ನನ್ನ ನಾಯಿ ಮೇಲು, ನಿನ್ನ ನಾಯಿ ಮೇಲು ಅನ್ನುವ ಮಾತನ್ನು ಬಯಲಲ್ಲೇ ತೀರ್ಮಾನ ಮಾಡುವುದು. ಆದರೆ ಎರಡು ದೇಶಗಳ ಟ್ರಯಲ್‌ಗಳು ಮುಂದೆ ಬೇರೆ ಬೇರೆ ದಾರಿ ಹಿಡಿದವು. ಮರಿ ಕೊಳ್ಳುವವರು ಈ ವ್ಯತ್ಯಾಸ ತಿಳಿದಿರಬೇಕು.

ಅಮೆರಿಕದಲ್ಲಿ ಪಾಯಿಂಟರ್, ಸೆಟರ್‌ಗಳ ದೊಡ್ಡ ಟ್ರಯಲ್‌ಗಳು ಕುದುರೆಯ ಮೇಲೆ ನಡೆಯುತ್ತವೆ. ಟೆನೆಸ್ಸಿಯ ಗ್ರ್ಯಾಂಡ್ ಜಂಕ್ಷನ್ ಹತ್ತಿರದ ಏಮ್ಸ್ ಪ್ಲಾಂಟೇಶನ್ನಿನಲ್ಲಿ ದಶಕಗಳ ಕಾಲ ನಡೆದ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಒಂದೊಂದು ಜೋಡಿ ನಾಯಿ ಪೂರಾ 3 ಗಂಟೆ ಓಡಬೇಕು. ತೀರ್ಪುಗಾರರು, ನಾಯಿ ನಡೆಸುವವರು ಎಲ್ಲರೂ ಕುದುರೆ ಮೇಲೆ. ನಾಯಿ ದೂರದ ಅಂಚಿನವರೆಗೂ ಹರಡಿಕೊಂಡು ಹುಡುಕಿ, ಬಾಬ್‌ವೈಟ್ ಲಾವುಗೆಯ ಹಿಂಡು ಸಿಕ್ಕಾಗ ಬಾಲ ನೆಟ್ಟಗೆ ಎತ್ತಿ ನಿಲ್ಲಬೇಕು. ನೋಡಲು ಎಂಥ ಚೆಂದ! ಹುರುಪು, ತಾಳಿಕೆ, ಮೂಗು ಮೂರಕ್ಕೂ ಇದಕ್ಕಿಂತ ಕಠಿಣ ಪರೀಕ್ಷೆ ನನಗೆ ಗೊತ್ತಿಲ್ಲ. ಆದರೆ ಆ ವಂಶದ ಮರಿಯನ್ನು ತಂದು, ಕಾಲ್ನಡಿಗೆಯಲ್ಲಿ ದಟ್ಟ ಕಾಡಿನ ಗ್ರೌಸ್ ಹಕ್ಕಿಯ ಬೇಟೆಗೆ ಹೊರಟರೆ ನಾಯಿ ಎಲ್ಲಿದೆ ಅಂತ ಜಿಪಿಎಸ್ ಪರದೆ ನೋಡುವುದೇ ಕೆಲಸವಾದೀತು. ಕಾಡಿನ ಗ್ರೌಸ್ ಮೇಲೆ, ನಡೆದುಕೊಂಡೇ ನಡೆಸುವ ಟ್ರಯಲ್‌ಗಳೂ ಅಮೆರಿಕದ ಉತ್ತರದಲ್ಲಿ ಇವೆ. ಅವುಗಳಲ್ಲಿ ಗೆದ್ದ ಸೆಟರ್ ವಂಶಗಳೇ ಬೇರೆ ಸ್ವಭಾವದವು. ಎರಡೂ ಕಡೆಯವರು ಹೇಳಿಕೊಳ್ಳುವುದು ಚಾಂಪಿಯನ್ ಅಂತಲೇ, ಹಾಗಾಗಿ ಯಾವ ನೆಲದ ಚಾಂಪಿಯನ್ ಅಂತ ಕೇಳದೆ ಬಿಡಬೇಡಿ.

ಅಮೆರಿಕದ ರಿಟ್ರೀವರ್ ಟ್ರಯಲ್ ಇನ್ನೊಂದು ಲೋಕ. ಹಕ್ಕಿಗಳು ಒಂದಾದ ಮೇಲೊಂದು ಬೇರೆ ಬೇರೆ ದಿಕ್ಕಿನಲ್ಲಿ, ಕೆಲವು ನೂರು ಗಜ ದೂರದಲ್ಲಿ ಬೀಳುತ್ತವೆ. ಬಿದ್ದ ಜಾಗವನ್ನೆಲ್ಲ ನಾಯಿ ನೆನಪಿಟ್ಟುಕೊಂಡು ಒಂದೊಂದಾಗಿ ತರಬೇಕು. ಬಿದ್ದದ್ದನ್ನು ನಾಯಿ ನೋಡಿಯೇ ಇಲ್ಲದ ಹಕ್ಕಿಯ ಕಡೆಗೂ ಅದು ಸೀಟಿ, ಕೈಸನ್ನೆಯ ಮೇಲೆ ನೇರ ಗೆರೆಯಲ್ಲಿ ಹೋಗಬೇಕು. ಅಷ್ಟು ದೂರದಿಂದ ನಾಯಿಗೆ ಕಾಣಲಿ ಅಂತ ನಡೆಸುವವರು ಬಿಳಿ ಜಾಕೆಟ್ ಹಾಕುತ್ತಾರೆ. 1952 ಮತ್ತು 1953ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ಕಿಂಗ್ ಬಕ್ ಅನ್ನುವ ಕಪ್ಪು ಲ್ಯಾಬ್ರಡಾರ್ ಎಷ್ಟು ಹೆಸರು ಮಾಡಿತು ಅಂದರೆ, ಬಾತು ಬೇಟೆಗಾರರು ಕೊಳ್ಳಬೇಕಾದ ಅಮೆರಿಕ ಸರ್ಕಾರದ ಡಕ್ ಸ್ಟ್ಯಾಂಪಿನ ಮೇಲೆ 1959ರಲ್ಲಿ ಅದರ ಚಿತ್ರವೇ ಬಂತು. ಒಳ್ಳೆಯ ನಾಯಿ ಇದ್ದರೆ ಬಿದ್ದ ಹಕ್ಕಿ ವ್ಯರ್ಥವಾಗುವುದಿಲ್ಲ ಅನ್ನುವ ಸಂದೇಶವೂ ಅದರ ಮೇಲಿತ್ತು. ಗಾಯಗೊಂಡ ಹಕ್ಕಿ ಜೊಂಡಿನಲ್ಲಿ ನರಳುತ್ತ ಉಳಿಯಬಾರದು. ರಿಟ್ರೀವರ್ ಇಟ್ಟುಕೊಳ್ಳುವುದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಇಲ್ಲ.

ಈ ಟ್ರಯಲ್‌ಗಳ ತೊಡಕು ಇರುವುದು ತರಬೇತಿಯಲ್ಲಿ. ಗೆಲ್ಲುವ ನಾಯಿಗಳಲ್ಲಿ ಬಹುಪಾಲು ವೃತ್ತಿಪರ ತರಬೇತುದಾರರ ಕೈಯಲ್ಲಿ ಬೆಳೆದವು. ಸ್ಪರ್ಧೆಯ ದಿನ ಕರೆಂಟ್ ಕಾಲರ್‌ಗೆ (ಶಾಕ್ ಕೊಡುವ ಕೊರಳಪಟ್ಟಿ) ಅವಕಾಶವಿಲ್ಲದಿದ್ದರೂ ತರಬೇತಿಯಲ್ಲಿ ಅದರ ಬಳಕೆ ಅಮೆರಿಕದಲ್ಲಿ ಸಾಮಾನ್ಯ. ಹೀಗಾದಾಗ ನಾಯಿ ಮಾತು ಕೇಳುವುದು ಹುಟ್ಟುಗುಣವೋ, ಕಾಲರ್ ಕಲಿಸಿದ್ದೋ ಅಂತ ಬೇರ್ಪಡಿಸುವುದು ಕಷ್ಟ. ಬೆಂಕಿಯಂಥ ಹುರುಪಿನ ನಾಯಿ ಪಳಗಿದ ಕೈಯಲ್ಲಿ ಗೆಲ್ಲುತ್ತದೆ. ಅದರ ಮರಿ ಮೊದಲ ಸಲ ನಾಯಿ ಸಾಕುವವರ ಕೈಗೆ ಬಂದರೆ ಇಬ್ಬರಿಗೂ ಕಷ್ಟ.

ಬ್ರಿಟನ್ನಿನ ರಿಟ್ರೀವರ್ ಟ್ರಯಲ್ ನಿಜವಾದ ಬೇಟೆಗೆ ತುಂಬ ಹತ್ತಿರ. ಅದು ನಡೆಯುವುದೇ ಬೇಟೆಯ ಹಂಗಾಮಿನಲ್ಲಿ, ಬೇಟೆಯ ಎಸ್ಟೇಟಿನಲ್ಲಿ. ಹಳು ಸೋವುವವರು ಹಕ್ಕಿ ಎಬ್ಬಿಸುತ್ತಾರೆ, ಕೋವಿಯವರು ಅಲ್ಲೇ ಹೊಡೆಯುತ್ತಾರೆ, ನಾಯಿ ಹಗ್ಗವಿಲ್ಲದೆ ಪಕ್ಕದಲ್ಲಿ ಕೂತು ಕಾಯಬೇಕು. ಹೇಳುವ ಮೊದಲೇ ಓಡಿದರೆ ಹೊರಗೆ. ಕುಂಯ್‌ಗುಟ್ಟಿದರೆ, ಬೊಗಳಿದರೆ ಹೊರಗೆ. ಒಂದು ಹಕ್ಕಿ ಬಾಯಲ್ಲಿದ್ದಾಗ ಅದನ್ನು ಬಿಟ್ಟು ಇನ್ನೊಂದು ಹಿಡಿದರೂ ಹೊರಗೆ.

ಬಾಯಿಯ ಪರೀಕ್ಷೆಯನ್ನು ಹತ್ತಿರದಿಂದ ನೋಡಬೇಕು. ನಾಯಿ ತಂದ ಹಕ್ಕಿಯನ್ನು ತೀರ್ಪುಗಾರರು ಅಂಗೈ ಮೇಲೆ ಎದೆ ಮೇಲಾಗಿ, ತಲೆ ಮುಂದಾಗಿ ಇಟ್ಟುಕೊಳ್ಳುತ್ತಾರೆ. ಹೆಬ್ಬೆರಳು ಒಂದು ಪಕ್ಕ, ಉಳಿದ ಬೆರಳು ಇನ್ನೊಂದು ಪಕ್ಕ. ಗರಿಯ ಅಡಿಯಲ್ಲಿ ಪಕ್ಕೆಲುಬುಗಳನ್ನು ಮೆಲ್ಲಗೆ ಒತ್ತಿ ನೋಡುತ್ತಾರೆ. ದುಂಡಗೆ, ಗಟ್ಟಿಯಾಗಿದ್ದರೆ ಬಾಯಿ ಮೆತ್ತಗಿದೆ ಅಂತ ಅರ್ಥ. ಎರಡೂ ಪಕ್ಕ ಒಳಕ್ಕೆ ಕುಸಿದಿದ್ದರೆ ನಾಯಿ ಜಜ್ಜಿದೆ. ಈಡಿನಿಂದಲೋ, ಬಿದ್ದ ಏಟಿನಿಂದಲೋ ಆಗಿರಬಹುದು ಅನ್ನುವ ಅನುಮಾನ ಬಂದರೆ ಅದರ ಲಾಭ ನಾಯಿಗೆ. ಜಜ್ಜಿದ್ದು ಖಚಿತವಾದರೆ ನಡೆಸುವವರಿಗೂ ಹಕ್ಕಿಯನ್ನು ಮುಟ್ಟಿ ನೋಡಲು ಕೊಟ್ಟು, ನಾಯಿಯನ್ನು ಅಲ್ಲಿಗೇ ಕೈಬಿಡುತ್ತಾರೆ.

ಇಂಥ ನಿಯಮಗಳ ಬೆಲೆ ತಳಿ ಬೆಳೆಸುವವರಿಗೆ ಚೆನ್ನಾಗಿ ಗೊತ್ತು. ಕುಂಯ್‌ಗುಟ್ಟುವ ಚಾಳಿ ವಂಶದಲ್ಲಿ ಹರಿಯುತ್ತದೆ ಅಂತ ಅವರು ಬಲವಾಗಿ ನಂಬುತ್ತಾರೆ, ಒಮ್ಮೆ ಹತ್ತಿದ ಮೇಲೆ ಬಿಡಿಸುವುದಂತೂ ಬಹಳ ಕಷ್ಟ. ಬೇಟೆಗಾರನಾದರೆ ತನ್ನ ನಾಯಿ ಸ್ವಲ್ಪ ಗಲಾಟೆ ಮಾಡಿದರೂ, ಒಂದೆರಡು ಹಕ್ಕಿ ಜಜ್ಜಿದರೂ ಪ್ರೀತಿಯಿಂದ ಕ್ಷಮಿಸಿಬಿಡುತ್ತಾನೆ. ಟ್ರಯಲ್ ಕ್ಷಮಿಸುವುದಿಲ್ಲ. ಆ ನಿಷ್ಠುರ ತಳಿಗೆ ಒಳ್ಳೆಯದು.

ಬೇಟೆಯೇ ಪರೀಕ್ಷೆ ಅನ್ನುವವರು

ಬಿರುದಿಲ್ಲದ, ಆದರೆ ವರ್ಷವರ್ಷವೂ ದುಡಿದ ನಾಯಿಯ ಪರವಾಗಿ ಹೇಳಬೇಕಾದ್ದು ಬಹಳ ಇದೆ. ಬ್ರಿಟನ್ನಿನಲ್ಲಿ ಗ್ರೌಸ್ ಹಂಗಾಮು ಆಗಸ್ಟ್ 12ಕ್ಕೆ ಶುರುವಾಗುತ್ತದೆ, ಫೆಸೆಂಟ್ ಹಂಗಾಮು ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ. ಈ ತಿಂಗಳುಗಳಲ್ಲಿ ಎಸ್ಟೇಟುಗಳಲ್ಲಿ ಬಿದ್ದ ಹಕ್ಕಿ ಎತ್ತಿಸುವುದಕ್ಕೆಂದೇ ನಾಯಿಗಳನ್ನು ಕರೆತರುವ ಜನರಿದ್ದಾರೆ. ವಾರಕ್ಕೆ ಹಲವು ದಿನ ಅವರ ನಾಯಿಗಳಿಗೆ ಕೆಲಸ. ಒಂದು ಟ್ರಯಲ್‌ನಲ್ಲಿ ನಾಯಿ ಎತ್ತುವುದು ಕೈಬೆರಳಲ್ಲಿ ಎಣಿಸುವಷ್ಟು ಹಕ್ಕಿ. ಇಲ್ಲಿ ಒಂದೇ ದಿನದಲ್ಲಿ ಅದಕ್ಕಿಂತ ಜಾಸ್ತಿ.

ರೆಕ್ಕೆಗೆ ಮಾತ್ರ ಪೆಟ್ಟು ಬಿದ್ದ ಹುಂಜ ಫೆಸೆಂಟ್ ಒಂದು ಗದ್ದೆಯ ಬದುವಿನಲ್ಲಿ ಇಳಿದು ಕಾಲಿಗೆ ಬುದ್ಧಿ ಹೇಳುತ್ತದೆ. ಹತ್ತು ನಿಮಿಷ ಬಿಟ್ಟು ನಾಯಿಯನ್ನು ಅಲ್ಲಿಗೆ ಕಳಿಸುತ್ತಾರೆ. ಅಲ್ಲಿ ನಾಲ್ಕು ಗರಿ ಬಿಟ್ಟರೆ ಏನೂ ಇಲ್ಲ. ಪಳಗಿದ ನಾಯಿ ಸುತ್ತಮುತ್ತ ಬಿದ್ದಿರುವ ಸತ್ತ ಹಕ್ಕಿಗಳ ವಾಸನೆಯನ್ನೆಲ್ಲ ಬಿಟ್ಟು, ಮೂಗು ನೆಲಕ್ಕಿಟ್ಟು ಆ ಒಂದೇ ಜಾಡು ಹಿಡಿದು ಬೇಲಿ ದಾಟಿ, ಹಳ್ಳ ದಾಟಿ ಕಣ್ಮರೆಯಾಗುತ್ತದೆ. ಬಹಳ ಹೊತ್ತಾದ ಮೇಲೆ ತಲೆ ಎತ್ತಿದ ಜೀವಂತ ಹಕ್ಕಿಯನ್ನು ಹಿಡಿದು ಬರುತ್ತದೆ. ಕರೆಯುತ್ತ ಕೂರದೆ ಅದನ್ನು ಅದರ ಪಾಡಿಗೆ ಬಿಟ್ಟ ಯಜಮಾನನಿಗೂ ಇದರಲ್ಲಿ ಪಾಲಿದೆ. ಸೀಟಿಗೆ ಸೀಟಿಗೆ ನಿಂತು ತಿರುಗಿ ನೋಡುವಂತೆ ಪಳಗಿಸಿದ ನಾಯಿಗಳಲ್ಲಿ ಈ ಸ್ವಂತ ಬುದ್ಧಿ ಕೆಲವು ಸಲ ಮಂಕಾಗಿರುತ್ತದೆ. ಇದು ಬೇಟೆಗಾರರ ಹಳೆಯ ದೂರು, ನನಗೆ ಅದರಲ್ಲಿ ಹುರುಳಿದೆ ಅನ್ನಿಸುತ್ತದೆ.

ಇನ್ನೊಂದು ಲಾಭದ ಬಗ್ಗೆ ಜನ ಮಾತೇ ಆಡುವುದಿಲ್ಲ. ಒಂಬತ್ತು ಹತ್ತು ವರ್ಷವಾದರೂ ಕುಂಟದೆ ತಣ್ಣೀರಿಗೆ ಹಾರುವ ನಾಯಿ ತನ್ನ ಸೊಂಟ, ಎದೆಗುಂಡಿಗೆ, ಕಣ್ಣುಗಳ ಬಗ್ಗೆ ತಾನೇ ಸರ್ಟಿಫಿಕೇಟ್ ಕೊಟ್ಟಂತೆ. ಚಾಂಪಿಯನ್ ನಾಯಿಗೆ ನಾಲ್ಕೈದು ವರ್ಷಕ್ಕೆಲ್ಲ ಗಿರಾಕಿಗಳು ಸಾಲು ನಿಲ್ಲುತ್ತಾರೆ. ವಯಸ್ಸಾದ ಮೇಲೆ ತಲೆ ಎತ್ತುವ ಕಾಯಿಲೆ ಅದರಲ್ಲಿದ್ದರೆ, ಅದು ಗೊತ್ತಾಗುವಷ್ಟರಲ್ಲಿ ಮರಿಗಳು ದೇಶದ ತುಂಬ ಹರಡಿರುತ್ತವೆ.

ಇಷ್ಟೆಲ್ಲ ಇದ್ದರೂ ಬೇಟೆಯ ಸಾಕ್ಷಿಗೆ ಒಂದು ದೊಡ್ಡ ಕೊರತೆ ಇದೆ. ಅದು ಯಜಮಾನನ ಬಾಯಿಮಾತು. ಹೋಲಿಸಿ ನೋಡಲು ಪಕ್ಕದಲ್ಲಿ ಇನ್ನೊಂದು ನಾಯಿ ಇರುವುದಿಲ್ಲ. ಇವನು ಹೋಗಿದ್ದು ವರ್ಷಕ್ಕೆ ಮೂರೇ ದಿನ ಇರಬಹುದು. ಸಾಕಿ ಬಿಟ್ಟ ಮಂಕು ಹಕ್ಕಿಗಳ ಮೇಲೆ ಮಾತ್ರ ನಾಯಿ ಕೆಲಸ ಮಾಡಿರಬಹುದು. ಕಾಡಿನ ಚುರುಕು ಹಕ್ಕಿಯ ಮುಂದೆ ಅದರ ಮೂಗು ಎಷ್ಟು ಅಂತ ಅವನಿಗೇ ತಿಳಿದಿರುವುದಿಲ್ಲ. ಸುಳ್ಳು ಹೇಳುತ್ತಾನೆ ಅಂತಲ್ಲ. ತನ್ನ ನಾಯಿಯನ್ನು ಪ್ರೀತಿಸುವವನು ಅದರ ತೀರ್ಪುಗಾರನೂ ಆಗುವುದು ಕಷ್ಟ. ಇಂಥವರ ಹತ್ತಿರ ಮರಿ ಕೊಳ್ಳುವುದಾದರೆ ಒಂದು ದಿನ ಜೊತೆಗೆ ಹೋಗಿ ಕಣ್ಣಾರೆ ನೋಡಿ. ಅಪ್ಪನಿಗಿಂತ ಮುಖ್ಯವಾಗಿ ಅಮ್ಮನನ್ನು ನೋಡಿ. ಹೋದ ಸೂಲಿನ ಮರಿಗಳನ್ನು ಕೊಂಡವರ ಫೋನ್ ನಂಬರ್ ಕೇಳಿ. ಕೊಡಲು ಹಿಂಜರಿದರೆ ಅಲ್ಲಿಂದ ಎದ್ದುಬನ್ನಿ.

ನಡುವಿನ ದಾರಿ: ಗೆಲುವಿಲ್ಲದ ಪರೀಕ್ಷೆಗಳು

ಸ್ಪರ್ಧೆಯೂ ಅಲ್ಲದ, ಬರೀ ಬಾಯಿಮಾತೂ ಅಲ್ಲದ ಮೂರನೆಯ ದಾರಿ ಇದೆ. ಇಲ್ಲಿ ನಾಯಿಯನ್ನು ಇನ್ನೊಂದು ನಾಯಿಯ ಜೊತೆ ಹೋಲಿಸುವುದಿಲ್ಲ, ಗೊತ್ತುಮಾಡಿದ ಮಟ್ಟದ ಜೊತೆ ಹೋಲಿಸುತ್ತಾರೆ. ಬಂದ ಎಲ್ಲ ನಾಯಿಗಳೂ ಪಾಸಾಗಬಹುದು, ಎಲ್ಲವೂ ಫೇಲಾಗಬಹುದು.

ಅಮೆರಿಕನ್ ಕೆನಲ್ ಕ್ಲಬ್ 1985ರಲ್ಲಿ ರಿಟ್ರೀವರ್‌ಗಳಿಗೆ ಹಂಟಿಂಗ್ ಟೆಸ್ಟ್ ಶುರು ಮಾಡಿತು. ಜೂನಿಯರ್, ಸೀನಿಯರ್, ಮಾಸ್ಟರ್ ಅಂತ ಮೂರು ಮಟ್ಟ. ಮಾಸ್ಟರ್ ಹಂಟರ್ ಆಗಲು ಆರು ಸಲ ಪಾಸಾಗಬೇಕು, ಸೀನಿಯರ್ ಬಿರುದು ಮೊದಲೇ ಇದ್ದರೆ ಐದು ಸಲ. ದೂರಗಳು ಸಾಮಾನ್ಯ ಬೇಟೆಗಾರನ ಅಳತೆಯವು. ಆದರೆ ಎಷ್ಟು ಸಲ ಫೇಲಾಯಿತು ಅಂತ ಬಿರುದಿನಲ್ಲಿ ಕಾಣುವುದಿಲ್ಲ. ಆರಕ್ಕೆ ಆರೂ ಪಾಸಾದ ನಾಯಿಗೂ ಇಪ್ಪತ್ತು ಸಲ ಪ್ರಯತ್ನಿಸಿದ ನಾಯಿಗೂ ಹೆಸರಿನ ಹಿಂದೆ ಅದೇ ಎಂಎಚ್ ಅಕ್ಷರಗಳು. ಇದನ್ನು ಬಾಯಿಬಿಟ್ಟು ಕೇಳಬೇಕು.

ನನಗೆ ತುಂಬ ಇಷ್ಟವಾದದ್ದು 1969ರಲ್ಲಿ ಉತ್ತರ ಅಮೆರಿಕದಲ್ಲಿ ಹುಟ್ಟಿದ ನಾವ್ಡಾ ಸಂಸ್ಥೆಯ ನ್ಯಾಚುರಲ್ ಎಬಿಲಿಟಿ ಪರೀಕ್ಷೆ. ಇದು ಪಾಯಿಂಟ್ ಮಾಡುವ, ನೀರಿನಲ್ಲೂ ಕೆಲಸ ಮಾಡುವ ತಳಿಗಳಿಗೆ. ಮರಿಗೆ 16 ತಿಂಗಳು ದಾಟುವ ಮೊದಲೇ ಇದನ್ನು ಕೊಡಿಸುವುದು ರೂಢಿ, ಹಾಗಾಗಿ ತರಬೇತಿಯ ಬಣ್ಣ ಹೆಚ್ಚು ಹತ್ತಿರುವುದಿಲ್ಲ. ಹಾರಲಾಗದ ಫೆಸೆಂಟನ್ನು ಹುಲ್ಲಿನಲ್ಲಿ ಓಡಲು ಬಿಟ್ಟು, ಅದು ಮರೆಯಾದ ಮೇಲೆ ಮರಿಯನ್ನು ಜಾಡಿಗೆ ಹಚ್ಚುತ್ತಾರೆ. ಕೋವಿ ಸದ್ದಿಗೆ ಬೆದರುತ್ತದಾ, ನೀರಿಗೆ ತಾನಾಗಿ ಇಳಿಯುತ್ತದಾ ನೋಡುತ್ತಾರೆ. ಒಟ್ಟು 112 ಅಂಕ. ಅದರಲ್ಲಿ ಮೂಗಿಗೇ ಎಲ್ಲಕ್ಕಿಂತ ಜಾಸ್ತಿ, 24. ಅಂಕ ಒಂದೊಂದು ಗುಣಕ್ಕೂ ಬೇರೆ ಬೇರೆ ಬರೆದಿರುತ್ತದೆ. ತಳಿ ಬೆಳೆಸುವವರಿಗೆ ಬೇಕಾದ್ದು ಇದೇ ಅಲ್ವಾ? ನಿಮ್ಮ ಹೆಣ್ಣುನಾಯಿಗೆ ನೀರಿನಲ್ಲಿ ಅಂಕ ಕಮ್ಮಿ ಇದ್ದರೆ, ನೀರಿನಲ್ಲಿ ಪೂರ್ಣ ಅಂಕ ಪಡೆದ, ಅದರ ಒಡಹುಟ್ಟಿದವುಗಳೂ ಪಡೆದ ಗಂಡನ್ನು ಹುಡುಕಬಹುದು. ಚಾಂಪಿಯನ್ ಅನ್ನುವ ಒಂದೇ ಪದದಿಂದ ಈ ವಿವರ ಸಿಗುವುದಿಲ್ಲ.

ಜರ್ಮನರು ಇದನ್ನು ಇನ್ನೂ ಮುಂದೆ ಒಯ್ದಿದ್ದಾರೆ. ಅಲ್ಲಿನ ಬೇಟೆನಾಯಿ ಸಂಘಗಳ ಒಕ್ಕೂಟ 1899ರದ್ದು, ಡ್ರಾಟ್‌ಹಾರ್ ಸಂಘ 1902ರದ್ದು. ಮರಿ ಹುಟ್ಟಿದ ಮುಂದಿನ ವಸಂತದಲ್ಲಿ ಒಂದು ಪರೀಕ್ಷೆ, ಅದರಲ್ಲಿ ಮೊಲದ ಜಾಡು ಹಿಡಿಯುವುದೂ ಸೇರುತ್ತದೆ. ಶರತ್ಕಾಲದಲ್ಲಿ ಹೊಲ, ನೀರುಗಳ ಇನ್ನೊಂದು. ಇವುಗಳಲ್ಲಿ ಪಾಸಾಗಿ, ಮೈಕಟ್ಟು, ಕೂದಲು, ಸೊಂಟದ ಎಕ್ಸ್‌ರೇ ಎಲ್ಲ ಸರಿ ಇದ್ದರೆ ಮಾತ್ರ ಸಂಘ ಸಂತಾನಕ್ಕೆ ಒಪ್ಪಿಗೆ ಕೊಡುತ್ತದೆ. ಬ್ರೀಡರ್‌ಗಳು ಮರಿ ಕೊಂಡವರ ಬೆನ್ನುಹತ್ತಿ ಸೂಲಿನ ಆದಷ್ಟು ಮರಿಗಳನ್ನು ಪರೀಕ್ಷೆಗೆ ತರಿಸುತ್ತಾರೆ. ಒಂದು ವಂಶವನ್ನು ಅಳೆಯಲು ಇದಕ್ಕಿಂತ ಪ್ರಾಮಾಣಿಕ ದಾರಿ ನಾನು ಕಂಡಿಲ್ಲ.

ಇದಕ್ಕೂ ಬೆಲೆ ತೆರಬೇಕು. ಡ್ರಾಟ್‌ಹಾರ್ ಬ್ರೀಡರ್‌ಗಳು ಸಾಮಾನ್ಯವಾಗಿ ಬೇಟೆಗಾರರಿಗೇ ಮರಿ ಕೊಡುತ್ತಾರೆ. ನರಿಯಂಥ ಪ್ರಾಣಿಯ ಮೇಲೂ ಎದೆಗೊಟ್ಟು ಹೋಗುವ ಕಿಚ್ಚನ್ನು ಅವರು ಬೇಕೆಂದೇ ಉಳಿಸಿಕೊಂಡಿದ್ದಾರೆ. ಮನೆಯಲ್ಲಿ ಬೆಕ್ಕಿದ್ದವರು ಎರಡು ಸಲ ಯೋಚಿಸಲಿ.

ಆರೋಗ್ಯ: ಬಿರುದು ಮುಚ್ಚಿಡುವ ಮಾತು

ಟ್ರಯಲ್ ಆಗಲಿ ಬೇಟೆಯಾಗಲಿ ಲ್ಯಾಬ್ ರಿಪೋರ್ಟಿನ ಜಾಗ ತುಂಬುವುದಿಲ್ಲ. ಲ್ಯಾಬ್ರಡಾರ್‌ಗಳಲ್ಲಿ ಇಐಸಿ ಅನ್ನುವ ತೊಂದರೆ ಇದೆ. ಇಂಥ ನಾಯಿ ಜೋರಾಗಿ ಓಡಿದ ಐದರಿಂದ ಹದಿನೈದು ನಿಮಿಷಕ್ಕೆ ಹಿಂಗಾಲು ಸೋತು ಕುಸಿಯುತ್ತದೆ, ಕೆಲವು ಸತ್ತೂ ಹೋಗುತ್ತವೆ. ಇದಕ್ಕೆ ಕಾರಣವಾದ ಡಿಎನ್‌ಎಂ1 ಜೀನಿನ ದೋಷವನ್ನು 2008ರಲ್ಲಿ ಗುರುತಿಸಿದರು. ಫೀಲ್ಡ್ ಟ್ರಯಲ್ ವಂಶಗಳಲ್ಲಿ ಈ ದೋಷ ಸಾಕಷ್ಟು ಹರಡಿದೆ. ದೋಷವಿರುವ ಜೀನಿನ ಒಂದೇ ಪ್ರತಿ ಇರುವ ನಾಯಿಗೆ ಏನೂ ಆಗುವುದಿಲ್ಲ, ಚಾಂಪಿಯನ್ ಕೂಡ ಆಗುತ್ತದೆ. ಎರಡು ಅಂಥ ನಾಯಿಗಳು ಕೂಡಿದರೆ ನಾಲ್ಕರಲ್ಲಿ ಒಂದು ಮರಿಗೆ ಎರಡೂ ಪ್ರತಿ ಬರುವ ಸಾಧ್ಯತೆ. ಆದ್ದರಿಂದ ಅಪ್ಪ ಅಮ್ಮಂದಿರಲ್ಲಿ ಒಂದಾದರೂ ಪೂರ್ತಿ ದೋಷಮುಕ್ತ ಅನ್ನುವ ಕಾಗದ ನೋಡದೆ ಮುಂಗಡ ಕೊಡಬೇಡಿ. ಜೊತೆಗೆ ಸೊಂಟ, ಮೊಣಕೈ ಎಕ್ಸ್‌ರೇ, ಕಣ್ಣಿನ ಪರೀಕ್ಷೆ. ಬ್ರಿಟನ್ನಿನ ಸೊಂಟದ ಅಂಕದಲ್ಲಿ ಕಮ್ಮಿ ಇದ್ದಷ್ಟೂ ಒಳ್ಳೆಯದು, ಸೊನ್ನೆ ಅತ್ಯುತ್ತಮ, 106 ತೀರಾ ಕೆಟ್ಟದ್ದು.

ಗೆದ್ದ ಒಂದೇ ಗಂಡನ್ನು ಎಲ್ಲರೂ ಬಳಸುವುದು ಇನ್ನೊಂದು ಅಪಾಯ. ಹೀಗಾದಾಗ ನಾಲ್ಕು ತಲೆಮಾರಿನ ವಂಶಾವಳಿಯಲ್ಲಿ ಅದೇ ಹೆಸರು ಮೂರು ಕಡೆ ಕಾಣಿಸುತ್ತದೆ. ಕಂಡರೆ ಹುಷಾರಾಗಿ.

ಹಾಗಾದರೆ ನಿಮಗೆ ಯಾವುದು?

ಟ್ರಯಲ್‌ಗೆ ಇಳಿಯಬೇಕು ಅನ್ನುವ ಆಸೆ ಇದ್ದರೆ ಟ್ರಯಲ್ ವಂಶವೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮರಿಯ ಬೆಲೆ ಇಲ್ಲಿ ಸಣ್ಣ ಖರ್ಚು. ತರಬೇತಿ, ಪ್ರಯಾಣ, ಪ್ರವೇಶಶುಲ್ಕ ಸೇರಿ ವರ್ಷಗಟ್ಟಲೆ ಹಣ, ರಜೆ ಎರಡೂ ಕರಗುತ್ತವೆ. ಬ್ರಿಟನ್ನಿನಲ್ಲಿ ಹಣ ಇದ್ದರೂ ಜಾಗ ಸಿಗುವುದು ಚೀಟಿ ಎತ್ತಿದಾಗ ಹೆಸರು ಬಂದರೆ ಮಾತ್ರ.

ವರ್ಷಕ್ಕೆ ಹತ್ತಾರು ದಿನ ಬಾತು ಬೇಟೆ, ಉಳಿದ ದಿನ ಮಕ್ಕಳ ಜೊತೆ ಆಟ ಅನ್ನುವವರು ಅಪ್ಪ ಅಮ್ಮ ಎರಡಕ್ಕೂ ಸೀನಿಯರ್ ಅಥವಾ ಮಾಸ್ಟರ್ ಹಂಟರ್ ಬಿರುದಿರುವ, ಬ್ರೀಡರ್ ಕೂಡ ಬೇಟೆಗೆ ಹೋಗುವ ಸೂಲನ್ನು ಹುಡುಕಿ. ಬೆಲೆ ಚಾಂಪಿಯನ್ ಸೂಲಿಗಿಂತ ಸಾಮಾನ್ಯವಾಗಿ ಕಮ್ಮಿ. ಬ್ರಿಟನ್ನಿನಲ್ಲಿರುವವರಾದರೆ, ಅಜ್ಜ ಟ್ರಯಲ್ ಚಾಂಪಿಯನ್, ಅಮ್ಮ ಎಸ್ಟೇಟಿನಲ್ಲಿ ಹಕ್ಕಿ ಎತ್ತುವ ಕೆಲಸದವಳು ಅನ್ನುವಂಥ ಸೂಲು ನನ್ನ ಮೊದಲ ಆಯ್ಕೆ. ಅಂಥವು ಅಪರೂಪವೇನಲ್ಲ. ಅಮೆರಿಕದ ಬಯಲು ನಾಡಿನಲ್ಲಿ ದೂರದೂರ ಹುಡುಕಿಸಬೇಕು ಅಂದರೆ ಕುದುರೆ ಟ್ರಯಲ್‌ನ ರಕ್ತ ಸ್ವಲ್ಪ ಇರಲಿ. ಕಾಡಿನಲ್ಲಿ ನಡೆದು ಬೇಟೆಯಾಡುವವರಿಗೆ ಗ್ರೌಸ್ ಸೆಟರ್ ವಂಶವೋ, ನಾವ್ಡಾ ಅಂಕಪಟ್ಟಿ ಇರುವ ಕುರ್ಟ್ಸ್‌ಹಾರ್ ವಂಶವೋ ಸರಿ. ಕೈ ಬಿಗಿ ಇದ್ದರೆ ಬರೀ ಬೇಟೆಯ ವಂಶದ ಮರಿ ಧಾರಾಳವಾಗಿ ತನ್ನಿ, ಉಳಿದ ಹಣವನ್ನು ಮೊದಲ ವರ್ಷದ ತರಬೇತಿಗೆ ಇಡಿ. ಆರೋಗ್ಯದ ಕಾಗದಗಳಲ್ಲಿ ಮಾತ್ರ ಉಳಿತಾಯ ಬೇಡ.

ಬೆಂಗಳೂರು, ಮೈಸೂರಿನ ಮನೆಗಳಿಗೆ ಲ್ಯಾಬ್ರಡಾರ್ ತರುವವರಿಗೆ ಈಗ. ಹೊರದೇಶದ ಫೀಲ್ಡ್ ವಂಶ ಅಂತ ಹೇಳಿ ಜಾಸ್ತಿ ಬೆಲೆಗೆ ಮರಿ ಮಾರುವವರು ಸಿಕ್ಕರೆ, ಅದು ನಿಮಗೆ ಬೇಕಾದ್ದೇ ಅಂತ ಕೇಳಿಕೊಳ್ಳಿ. ದಿನವಿಡೀ ಓಡಲು, ಹುಡುಕಲು ಆರಿಸಿ ಆರಿಸಿ ಬೆಳೆಸಿದ ರಕ್ತ ಅದು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅದಕ್ಕೆ ಹಿಂಸೆ. ನಾಯಿ ಪ್ರದರ್ಶನಗಳಿಗೆಂದು ಬೆಳೆಸಿದ ಶೋ ವಂಶದವು ಮೈಯಲ್ಲಿ ಭಾರ, ಸ್ವಭಾವದಲ್ಲಿ ಸಾಮಾನ್ಯವಾಗಿ ನಿಧಾನ. ಶೋ, ಫೀಲ್ಡ್ ಎರಡೂ ಕಡೆ ಚಾಂಪಿಯನ್ ಆದ ಬ್ಯಾಂಚೊರಿ ಬೋಲೋನಂಥ ಲ್ಯಾಬ್ರಡಾರ್‌ಗಳು ಕಳೆದ ಶತಮಾನದ ಮೊದಲ ದಶಕಗಳಲ್ಲಿ ಇದ್ದವು. ಈಗ ಎರಡು ವಂಶಗಳೂ ಬಹಳ ದೂರ ಸರಿದಿವೆ. ದಿನಾ ಬೆಳಿಗ್ಗೆ ಸಂಜೆ ಓಡಿಸಿ, ಬಚ್ಚಿಟ್ಟ ವಸ್ತು ಹುಡುಕಿಸುವ ಆಟ ಆಡಿಸುವ ಮನಸ್ಸಿದ್ದವರು ಮಾತ್ರ ಫೀಲ್ಡ್ ವಂಶಕ್ಕೆ ಕೈ ಹಾಕಿ.

ಸ್ವಂತ ಸೂಲು ತೆಗೆಯುವವರಿಗೆ

ಹೆಣ್ಣುನಾಯಿ ಇದ್ದವರು ಬೆದೆಗೆ ಮುಂಚೆಯೇ ಅದರ ಕೊರತೆಗಳನ್ನು ಬರೆದಿಡಿ. ಬೇಟೆಯ ದಿನಗಳಲ್ಲಿ ಕಂಡದ್ದನ್ನು ಆಯಾ ಸಂಜೆಯೇ ಬರೆದರೆ ಒಳ್ಳೆಯದು. ಜಾಡು ಎಲ್ಲಿ ತಪ್ಪಿತು, ಹಕ್ಕಿ ಹೇಗೆ ತಂದಿತು, ಸದ್ದು ಮಾಡಿತಾ? ಒಂದು ಹಂಗಾಮಿನ ಇಂಥ ಟಿಪ್ಪಣಿ ಬೇಟೆಯ ಬಾಯಿಮಾತನ್ನು ದಾಖಲೆಯಾಗಿ ಮಾಡುತ್ತದೆ. ಆಮೇಲೆ ಒಂದಾದರೂ ಅಧಿಕೃತ ಪರೀಕ್ಷೆ ಕೊಡಿಸಿ, ಹೊರಗಿನವರ ಕಣ್ಣಿಗೆ ಅದು ಹೇಗೆ ಕಾಣುತ್ತದೆ ತಿಳಿಯಲಿ. ಗಂಡನ್ನು ಹುಡುಕುವಾಗ ಅದರ ಬಿರುದಿಗಿಂತ ಅದಕ್ಕೆ ಹುಟ್ಟಿ ಎರಡು ಮೂರು ವರ್ಷವಾದ ಮರಿಗಳನ್ನು ಹೋಗಿ ನೋಡಿ, ಅದೂ ಬೇರೆ ಬೇರೆ ತಾಯಿಯವು. ಬೇರೆ ಬೇರೆ ತಾಯಿಯ ಮರಿಗಳಲ್ಲೂ ಅದೇ ಮೂಗು, ಅದೇ ಶಾಂತ ಸ್ವಭಾವ ಕಂಡರೆ ಅದು ತಂದೆಯಿಂದ ಇಳಿದದ್ದು ಅಂತ ನಂಬಬಹುದು.

ಮರಿ ಮಾರುವಾಗ ಕೊಂಡವರ ಜೊತೆ ಒಂದು ಒಪ್ಪಂದ ಮಾಡಿಕೊಳ್ಳಿ: 16 ತಿಂಗಳೊಳಗೆ ಅವರು ಮರಿಯನ್ನು ಪರೀಕ್ಷೆಗೆ ತಂದರೆ ಶುಲ್ಕ ನೀವೇ ಕಟ್ಟುತ್ತೀರಿ. ಎಂಟು ಮರಿಗಳ ಶುಲ್ಕ ಸೇರಿಸಿದರೂ ಅದು ಸಾಮಾನ್ಯವಾಗಿ ಒಂದು ಮರಿಯ ಬೆಲೆ ದಾಟುವುದಿಲ್ಲ. ಬಂದ ಎಂಟೂ ಅಂಕಪಟ್ಟಿಗಳನ್ನು, ಫೇಲಾದದ್ದನ್ನೂ ಸೇರಿಸಿ, ಮುಂದಿನ ಸೂಲಿಗೆ ಮರಿ ಕೇಳಿಕೊಂಡು ಬಂದವರ ಕೈಗೆ ಮೊದಲೇ ಕೊಡಿ.